ಬಸ್ಸಿಗೆ ಅಳತೆ ತೆಗೆದ ಚಿಕ್ಕಮ್ಮ

ಇಡೀ ಕೋಲಾರ ಸೀಮೆಯಲ್ಲಿ ಬಸ್ಸಿಗೆ ಟೇಪು ಹಿಡಿದು ಅಳತೆ ತೆಗೆದ ಟೈಲರ್ ಯಾರಾದರೂ ಇದ್ದರೆ ಅದು ನಮ್ಮ ಚಿಕ್ಕಮ್ಮ ಒಬ್ಬಳೇ! ನಗಬೇಡಿ. ವೇಮಗಲ್ ಕಡೆ ಹಳಬರನ್ನು ಕೇಳಿ ನೋಡಿ.

ಚಿಕ್ಕಂದಿನಲ್ಲೇ ಪೋಲಿಯೋ ಬಂದು ಅವಳ ಕಾಲುಗಳು ಸೋತಿದ್ದವು. ಕೈಯೂರಿ, ಕೂತಂತೆಯೇ ಸರಿದು ಓಡಾಡುತ್ತಿದ್ದಳು. ಕೈಮಷೀನಿನಲ್ಲಿ ಊರ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ನಾಲಿಗೆಯೋ, ಕತ್ತರಿಗಿಂತ ಹರಿತ! ಎಪ್ಪತ್ತರ ದಶಕದಲ್ಲಿ ನಮಗಿದ್ದದ್ದು ಒಂದೇ ಖಾಸಗಿ ಬಸ್ಸು. ದಾರ, ಗುಂಡಿ ತರಲು ಅವಳೂ ನಾನೂ ಕೋಲಾರಕ್ಕೆ ಹೊರಟಾಗಲೆಲ್ಲ ಕಂಡಕ್ಟರೂ ಕ್ಲೀನರೂ ಅವಳನ್ನು ಎತ್ತಿ ಬಾಗಿಲ ಪಕ್ಕ ನೆಲದ ಮೇಲೆ ಕೂರಿಸುತ್ತಿದ್ದರು.

ಒಂದು ದಿನ ಚಿಕ್ಕಮ್ಮ, "ಮುಟ್ಬೇಡಿ" ಅಂದುಬಿಟ್ಟಳು.

"ಯಾಕಕ್ಕಾ? ಯಾವಾಗ್ಲೂ ನಾವೇ ಎತ್ತಲ್ವಾ?" ಎಂದ ಕಂಡಕ್ಟರ್.

"ಎತ್ತಿ ಹಾಕೋಕೆ ನಾನೇನು ಟೊಮೇಟೊ ಬುಟ್ಟಿನಾ? ಹಂಗಿದ್ರೆ ಲಗೇಜ್ ಚೀಟಿ ಹರಿ. ಟಿಕೆಟ್ ಹರಿಯೋದಾದ್ರೆ, ನಾನೇ ಹತ್ತೋ ಥರ ಮಾಡು!"

ಹಾಗೆಂದವಳೇ ಸೊಂಟದಿಂದ ಟೇಪು ತೆಗೆದು, ನೆಲದಿಂದ ಫುಟ್‌ಬೋರ್ಡಿನವರೆಗೆ ಅಳೆಯತೊಡಗಿದಳು!

ಡ್ರೈವರ್ ತಲೆ ಹೊರಹಾಕಿ, "ಏಮಕ್ಕಾ, ಬಸ್ಸಿಗೂ ರವಿಕೆನಾ?" ಎಂದು ಕೂಗಿದ.

"ರವಿಕೆ ಅಲ್ಲ ಕಣೋ. ಇದರ ಲಂಗ ಗಿಡ್ಡ ಆಗಿದೆ, ಕೆಳಗೆ ಅಂಚು ಕೊಡ್ಬೇಕು!"

ಬಸ್ಸಿಗೆ ಬಸ್ಸೇ ನಕ್ಕಿತು. ಎದುರಿನ ಅಂಗಡಿಯಿಂದ ಬಸ್ಸಿನ ಮಾಲೀಕರು ದಡದಡ ಬಂದರು. "ಎಲ್ರೂ ಹತ್ತಲ್ವೇನಮ್ಮಾ? ನಿಂಗೊಬ್ಳಿಗೆ ಬೇರೆ ಮೆಟ್ಲು ಮಾಡಿಸ್ಲಾ?"

"ಹತ್ತೋದು ಅಷ್ಟು ಸಲೀಸಾ ಅಣ್ಣಾ? ಕಾಲೂರದೆ ನೀವೊಂದ್ಸಲ ಹತ್ತಿ ತೋರ್ಸಿ."

ಅಷ್ಟು ಜನರೆದುರು ಹಿಂಜರಿಯುವುದುಂಟೇ? ಮಾಲೀಕರು ಬಿಳಿ ಪಂಚೆ ಸಮೇತ ಮಣ್ಣಿನಲ್ಲಿ ಕೂತರು. ಕಂಬಿ ಹಿಡಿದು ಎಳೆದುಕೊಂಡರು. ಹೊಟ್ಟೆ ಮೇಲೆ ಬಂತು, ಮಾಲೀಕರು ಬರಲಿಲ್ಲ! ಇನ್ನೊಮ್ಮೆ ಎಳೆದರು. ಧೊಪ್ಪೆಂದು ಬಿದ್ದರು. ಜನ ಬಿದ್ದು ಬಿದ್ದು ನಕ್ಕರು; ಚಿಕ್ಕಮ್ಮ ಮಾತ್ರ ನಗಲಿಲ್ಲ. ಮಾಲೀಕರು ಕೆಂಪಾದ ಅಂಗೈಗಳನ್ನೇ ಒಂದು ಗಳಿಗೆ ನೋಡಿ, "ಅದೆಷ್ಟು ಅಳತೆ ಹೇಳಮ್ಮಾ, ಮಾಡಿಸ್ತೀನಿ" ಎಂದರು.

ಮಾಡಿಸಿಯೂ ಬಿಟ್ಟರು! ಕೆಳಗೆ ಮಡಚುವ ಕಬ್ಬಿಣದ ಮೆಟ್ಟಿಲು, ಕೈಗೆಟುಕುವಂತೆ ಹಿಡಿ, ಬಾಗಿಲ ಪಕ್ಕದಲ್ಲೇ ತಗ್ಗಾದ ಒಂದು ಸೀಟು. ಬಸುರಿಯರು, ಮಂಡಿನೋವಿನ ಮುದುಕರು ಎಲ್ಲರೂ ಅದರಲ್ಲೇ ಹತ್ತಿದರು. ಕೊನೆಗೆ ಮಾಲೀಕರೂ! "ನಮ್ಮಕ್ಕನ ಅಳತೆ ಸಾರ್, ಎಲ್ರಿಗೂ ಸರಿಹೋಗತ್ತೆ" ಎಂದು ಕಂಡಕ್ಟರ್ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ನನಗಂತೂ ಹೆಮ್ಮೆಯಿಂದ ನೆಲ ಕಾಣುತ್ತಿರಲಿಲ್ಲ.

ಆ ಮೆಟ್ಟಿಲೇರಿದ ಮೊದಲ ದಿನ ಚಿಕ್ಕಮ್ಮ ತಾನೇ ಹತ್ತಿ, ಟಿಕೆಟ್ ಪಡೆದು, ನೆಲದ ಮೇಲಲ್ಲ, ಆ ತಗ್ಗು ಸೀಟಿನಲ್ಲಿ ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿಯಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣು ಹೊರಗೇ ಇತ್ತು.

"ಲೇ," ಎಂದಳು ಮೆಲ್ಲಗೆ, "ಈ ದಾರೀಲಿ ಇಷ್ಟು ದೊಡ್ಡ ಕೆರೆ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ."