ನಮ್ಮ ಮಾವನವರ ಗುಂಡಿಯ ಮಣ್ಣಿನ ಬಗ್ಗೆ ಮಣ್ಣು ಪರೀಕ್ಷಿಸುವ ಯಂತ್ರರಾಯರಿಗೆ

ಒಂದು ಚಮಚ ಮಣ್ಣಿನಲ್ಲಿ ಲೋಕವನ್ನೇ ಕಾಣುವ ಮಹಾಯಂತ್ರರಾಯರ ಸನ್ನಿಧಿಗೆ, ಕಿರಿಬಾಸ್ ದೇಶದ ಪುಟ್ಟ ಹವಳದ್ವೀಪವೊಂದರ ಉತ್ತರ ತುದಿಯಿಂದ ನೇಯಿ ತೆರೆತಾಕೆ ಮಾಡುವ ನಮಸ್ಕಾರಗಳು.

ಮಾನ್ಯರೇ,

ಕಳೆದ ಮಾರ್ಚ್ ತಿಂಗಳಲ್ಲಿ ತಾವು ದೋಣಿಯಿಂದಿಳಿದು, ನಮ್ಮೂರ ಸಭಾಮಂಟಪದಲ್ಲಿ ಹಿರಿಯರು ಕೂರುವ ಚಾಪೆಯ ಮೇಲೆಯೇ ವಿರಾಜಮಾನರಾದಿರಿ. ಇಪ್ಪತ್ತು ವರ್ಷದಿಂದ ಈ ಊರ ಸೊಸೆಯಾಗಿರುವ ನನಗೆ ಆ ಚಾಪೆಯ ಅಂಚು ಮುಟ್ಟುವ ಯೋಗ್ಯತೆಯೂ ಇನ್ನೂ ಬಂದಿಲ್ಲ. ಮಣ್ಣಿನ ಹುಳಿ, ಕ್ಷಾರ, ಕಬ್ಬಿಣಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಡುವ ತಮ್ಮ ಪಾಂಡಿತ್ಯಕ್ಕೆ ಊರೇ ತಲೆದೂಗಿತು. ನನ್ನ ದೂರು ಒಂದೇ: ತಾವು ನಮ್ಮನ್ನು ನಂಬಿದಿರಿ.

ನಾವು ಬಾಬಾಯಿ ಎಂಬ ಆಳೆತ್ತರದ ಕೆಸುವನ್ನು, ಸಿಹಿನೀರು ಸಿಗುವವರೆಗೆ ಗುಂಡಿ ತೋಡಿ, ಅದರೊಳಗೆ ವರ್ಷಗಟ್ಟಲೆ ಸಾಕುವವರು. ಗುಂಡಿಗೆ ಗೊಬ್ಬರವಾಗಿ ಯಾವ ಎಲೆ, ಎಷ್ಟು, ಯಾವಾಗ ಎಂಬುದು ಮನೆತನದ ಗುಟ್ಟು. ತಂದೆ ಮಗನಿಗೆ ಹೇಳುವುದೂ ಸಾಯುವ ಕಾಲಕ್ಕೆ. ಹೀಗಿರುವಾಗ, ಎಲ್ಲರೂ ತಂತಮ್ಮ ಗುಂಡಿಯ ಮಣ್ಣು ತನ್ನಿ ಎಂದು ತಮ್ಮ ಜೊತೆಗೆ ಬಂದವರು ಸಾರಿದರೆ ಏನಾಗಬೇಕೋ ಅದೇ ಆಯಿತು. ನಮ್ಮ ಮಾವ ತೆನ್ ಕರೋತು ಅವರು ನೆಟ್ಟಗೆ ಕಡಲ ದಂಡೆಗೆ ಹೋಗಿ ಬಿಳಿ ಮರಳು ತುಂಬಿಕೊಂಡರು. ಇದೇನು ಮಾವ ಎಂದದ್ದಕ್ಕೆ, "ಸುಮ್ನಿರಮ್ಮ, ಆ ಯಂತ್ರಕ್ಕೆ ಮಾತು ಬರುತ್ತಂತೆ. ಇವತ್ತು ನಮ್ಮನೇಲಿ ಆಡಿದ್ದು ನಾಳೆ ಪಕ್ಕದ್ಮನೇಲೂ ಆಡುತ್ತೆ" ಎಂದರು. ದಂಡೆಯ ಉದ್ದಕ್ಕೂ ಊರ ಗಂಡಸರೆಲ್ಲ ಒಬ್ಬರಿಗೊಬ್ಬರು ಬೆನ್ನು ಹಾಕಿ ಮರಳು ತುಂಬುತ್ತಿದ್ದರು.

ತಾವೋ ಸತ್ಯಸಂಧರು. ಇದು ಬರೀ ಸುಣ್ಣ, ಕ್ಷಾರ ವಿಪರೀತ, ಕಬ್ಬಿಣ ಸೊನ್ನೆ ಎಂದು ತೀರ್ಪಿತ್ತು, ಕ್ಷಾರ ಇಳಿಸಲೆಂದು ಮನೆಗೆ ಎರಡೆರಡು ಮೂಟೆ ಗಂಧಕದ ಪುಡಿ ಕೊಡಿಸಿದಿರಿ. ಮರಳಿನ ಮಟ್ಟಿಗೆ ತಮ್ಮ ಮಾತು ನೂರಕ್ಕೆ ನೂರು ನಿಜ. ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ: ಸುಳ್ಳು ಮಣ್ಣು ಕೊಟ್ಟ ಅದೇ ಮಾವನವರು, ಪುಡಿ ಹಾಕಿ ಪಕ್ಕದ ಮನೆಯವರೆಲ್ಲಿ ಮುಂದೆ ಹೋದಾರೋ ಎಂಬ ಹೊಟ್ಟೆಕಿಚ್ಚಿಗೆ, ಎರಡೂ ಮೂಟೆಗಳನ್ನು ನಿಜವಾದ ಗುಂಡಿಗೆ ಸುರಿದರು. ತಲೆತಲಾಂತರದಿಂದ ಎಲೆ ಕೊಳೆತು ಕಪ್ಪಾಗಿ ಹದಗೊಂಡ, ಸದಾ ನೀರು ನಿಂತ ಮಣ್ಣು ಅದು. ಕೆಲವೇ ವಾರಗಳಲ್ಲಿ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಎಲೆ ಹಳದಿಯಾಯಿತು, ಬೇರು ಕಪ್ಪಾಯಿತು.

ಅದು ಎಂಟು ವರ್ಷದ ಬಾಬಾಯಿ, ಮಾನ್ಯರೇ. ಕ್ರಿಸ್‌ಮಸ್ಸಿಗೆ ಹೊಸ ಸಭಾಮಂಟಪದ ಪ್ರವೇಶ. ಅಂದು ಸದಾ ನಮ್ಮೊಡನೆ ಪೈಪೋಟಿಗೆ ನಿಲ್ಲುವ ದಕ್ಷಿಣದ ಊರಿನವರ ಕಣ್ಣೆದುರಿಗೆ ಆ ಗೆಡ್ಡೆಯನ್ನು ಇಬ್ಬರು ಹೊತ್ತು ತಂದು ಇಳಿಸಬೇಕೆಂದು ಮಾವನವರ ಆಸೆ. ಅವರಿಗೆ ಈಗ ಎಂಬತ್ತೊಂದು. ಇನ್ನೊಂದನ್ನು ನೆಟ್ಟು ಮತ್ತೆ ಎಂಟು ವರ್ಷ ಕಾಯುವಂತಿಲ್ಲ. ಮೊನ್ನೆ ಗುಂಡಿಯಂಚಿನಲ್ಲಿ ಕೂತು, "ನಾನೇ ಕೊಂದೆ ಕಣಮ್ಮ ಇದನ್ನ" ಎಂದರು.

ಆದಕಾರಣ, ಅವರು ಪ್ರಾರ್ಥನೆಗೆ ಹೋದ ಹೊತ್ತಿನಲ್ಲಿ ಗುಂಡಿಗಿಳಿದು ಕದ್ದ ಒಂದು ಹಿಡಿ ಅಪ್ಪಟ ಮಣ್ಣನ್ನು ಜಾಮಿನ ಶೀಶೆಯಲ್ಲಿ ಕಳಿಸುತ್ತಿದ್ದೇನೆ. ತಾವು ಇದನ್ನು ದಯಮಾಡಿ ಕಣ್ಣು ಮುಚ್ಚಿಕೊಂಡು ಪರೀಕ್ಷಿಸಬೇಕು; ಎಲೆಗಳ ವಾಸನೆ ಮೂಗಿಗೆ ಬಡಿದರೂ ಅವುಗಳ ಹೆಸರು ಹಿಡಿಯಬಾರದು; ಕಂಡದ್ದನ್ನು ನನ್ನ ಕಿವಿಯಲ್ಲಷ್ಟೇ ಉಸುರಿ ಆ ಕ್ಷಣವೇ ಮರೆಯಬೇಕು. ಬೇರು ಉಳಿಯುವ ದಾರಿಯೊಂದನ್ನು ತಿಳಿಸಿದರೆ ಸಾಕು.

ತಮ್ಮ ವಿಶ್ವಾಸಿ, ಸದ್ಯಕ್ಕೆ ಮಣ್ಣುಗಳ್ಳಿಯೂ ಆದ
ನೇಯಿ ತೆರೆತಾಕೆ

ತಾ.ಕ.: ಶೀಶೆಯನ್ನು ದೋಣಿಗೆ ಕೊಡಲು ಹೋದರೆ, ತಮ್ಮ ಹೆಸರಿಗೇ ಹೊರಟ ಹಾಲುಪುಡಿ ಡಬ್ಬಿಯೊಂದು ಅಲ್ಲಿ ಕೂತಿತ್ತು. ಅದಕ್ಕೆ ಬಿಗಿದ ತೆಂಗಿನ ಹುರಿಯ ಗಂಟು ನಮ್ಮ ಮಾವನವರದು. ಈ ದ್ವೀಪದಲ್ಲಿ ಇನ್ನಾರಿಗೂ ಆ ಗಂಟು ಹಾಕಲು ಬರುವುದಿಲ್ಲ. ದಯವಿಟ್ಟು ಎರಡನ್ನೂ ಹೋಲಿಸಿ ನೋಡಿ. ಒಂದೇ ಮಣ್ಣಾದರೆ ಮದ್ದನ್ನು ಅವರಿಗೇ ಹೇಳಿ, ನನ್ನ ಸುದ್ದಿ ಎತ್ತಬೇಡಿ. ಅದೂ ಮರಳೇ ಆಗಿದ್ದರೆ, ಆ ಮರಳಿಗೆ ನನ್ನ ಶೀಶೆಯ ಮದ್ದನ್ನೇ ಬರೆದುಕೊಟ್ಟು, ತಾವೂ ಒಂದು ಸುಳ್ಳು ಹೇಳಿ. ಒಂದು ದಿನವಾದರೂ ನಮ್ಮೂರ ನೀರು ಕುಡಿದವರಲ್ಲವೇ.