ಸಾವ್ಕಾರನ ಎಡಗಾಲು ಮತ್ತು ನಮ್ಮತ್ತೆಯ ಕೇಸು

ನಮ್ಮತ್ತೆಯ ಬಾಯಲ್ಲಿ ‘ತಪ್ಪಾಯ್ತು’ ಅನ್ನೋ ಮಾತು ಕೇಳಿದವರು ಕಿರುಗಾವಲಿನಲ್ಲಿ ಯಾರೂ ಇಲ್ಲ. ನಾನು ಕೇಳಿದ್ದೀನಿ ಅಂತ ಯಾರಾದರೂ ಅಂದರೆ, ಅವರ ಬಾಯಿಂದಲೇ ‘ತಪ್ಪಾಯ್ತು’ ಅನ್ನಿಸಿ ಕಳಿಸುವಷ್ಟು ಶಕ್ತಿ ಅರವತ್ತೆಂಟರಲ್ಲೂ ಅವಳಿಗಿದೆ. ನಮ್ಮಪ್ಪನ ಅಕ್ಕ ಅವಳು. ಒಂದು ಸಲ ಮಳವಳ್ಳಿಯಿಂದ ಬರುವಾಗ ಕಂಡಕ್ಟರು ಸ್ಟಾಪು ದಾಟಿಸಿ ನಿಲ್ಲಿಸಿದ ಅಂತ ಬಸ್ಸಿಂದ ಇಳಿಯಲೇ ಇಲ್ಲ. ಅವನು ತಪ್ಪಾಯ್ತು ಕಣಮ್ಮ ಅನ್ನುವಷ್ಟರಲ್ಲಿ ಮೈಸೂರು ಬಂದಿತ್ತು. ಅತ್ತೆ ಸಮಾಧಾನವಾಗಿ ಟಿಕೆಟ್ಟು ತಗೊಂಡು ಅದೇ ಬಸ್ಸಲ್ಲಿ ವಾಪಸ್ಸು ಬಂದಳು.

ಇಂಥವಳಿಗೊಂದು ನಾಯಿ. ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ವಡೆ ಸುತ್ತಿದ ಪೇಪರು ನೆಕ್ಕುತ್ತಿದ್ದ ಮರಿಯನ್ನು ಸೆರಗಲ್ಲಿ ಸುತ್ತಿಕೊಂಡು ಬಂದು ಸಾವ್ಕಾರ ಅಂತ ಹೆಸರಿಟ್ಟಳು. ಅದೇನತ್ತೆ ಹೆಸರು ಅಂದಿದ್ದಕ್ಕೆ, ದುಡಿಯಾಕಿಲ್ಲ, ಕೂತ್ಕಂಡು ತಿಂತದಲ್ಲ ಅದ್ಕೆ ಅಂದಳು. ಹೇಳುವಾಗ ನೋಡಿದ್ದು ನನ್ನನ್ನು. ನಾನು ಹೈಸ್ಕೂಲು ಮೇಷ್ಟ್ರು, ಆಗ ಬೇಸಿಗೆ ರಜೆ ಇತ್ತು.

ಹೋದ ವರ್ಷ ಸಾವ್ಕಾರನಿಗೆ ಜ್ವರ ಬಂತು. ಮಳವಳ್ಳಿಯಲ್ಲಿ ಹೊಸದಾಗಿ ಕ್ಲಿನಿಕ್ಕು ತೆಗೆದಿದ್ದ ದನದ ಡಾಕ್ಟರ ಹತ್ತಿರ ಅತ್ತೆ ಒಬ್ಬಳೇ ಆಟೋದಲ್ಲಿ ಕರೆದುಕೊಂಡು ಹೋದಳು. ಅವರು ಹಿಂದಿನ ತೊಡೆಗೆ ಇಂಜೆಕ್ಷನ್ನು ಹಾಕಿದರು. ಜ್ವರ ಹೋಯಿತು. ಜೊತೆಗೆ ಎಡಗಾಲೂ ಹೋಯಿತು. ಸೂಜಿ ನರಕ್ಕೆ ತಾಕಿದೆ, ಇನ್ನು ಇಷ್ಟೇ ಅಂತ ಮಂಡ್ಯದ ಇನ್ನೊಬ್ಬ ಡಾಕ್ಟರು ಬರೆದುಕೊಟ್ಟರು. ಆ ಚೀಟಿ ಹಿಡಿದು ಮಳವಳ್ಳಿ ಡಾಕ್ಟರ ಹತ್ತಿರ ಹೋದರೆ, ನಾಯಿ ಅಲ್ಲಾಡಿರಬೇಕಮ್ಮ, ಅದಕ್ಕೇ ಹಾಗಾಗಿದೆ ಅಂದರಂತೆ.

ಕಾಲು ಹೋಗಿದ್ದಕ್ಕಿಂತ ಆ ಮಾತು ಅವಳನ್ನು ಸುಟ್ಟಿತು. ನನ್ನನ್ನು ಕರೆಸಿ, “ಅಲ್ಲಾಡ್ನಿಲ್ಲ ಕಣ್ಲಾ ಅದು. ನಂಗೊತ್ತು. ಕೇಸಾಕು” ಅಂದಳು. ನಿಂಗೆಂಗೆ ಗೊತ್ತು ಅಂತ ನಾನು ಕೇಳಲಿಲ್ಲ. ಅವಳಿಗೆ ಗೊತ್ತಿಲ್ಲದ ವಿಷಯ ಯಾವುದಿದೆ ಹೇಳಿ?

ಗ್ರಾಹಕರ ಕೋರ್ಟಿಗೆ ದೂರು ಕೊಡಲು ಮಂಡ್ಯದಲ್ಲಿ ಒಬ್ಬರು ವಕೀಲರನ್ನು ಹಿಡಿದೆವು. ನಾಯಿಯ ತಳಿ ಯಾವುದು ಅಂದರು. ಮದ್ದೂರು ಅಂತ ಬರೆಸಿದಳು. ಏನು ಪರಿಹಾರ ಬೇಕು ಅಂದರು. ಹಿಂದಿನ ಎಡಗಾಲು ಅಂದಳು. ವಕೀಲರು ಪೆನ್ನು ಕೆಳಗಿಟ್ಟು, ಕಾಲು ಕೊಡಿಸಲು ಕಾನೂನಿನಲ್ಲಿ ಅವಕಾಶವಿಲ್ಲ, ದುಡ್ಡಿನ ಲೆಕ್ಕದಲ್ಲಿ ಹೇಳಿ, ನಾಯಿ ಕೊಂಡ ರಸೀದಿ ಇದ್ದರೆ ಕೊಡಿ ಅಂದರು. ನಿಮ್ಮನ್ನು ಹೆತ್ತಾಗ ನಿಮ್ಮವ್ವ ರಸೀದಿ ಇಟ್ಕಂಡಿದ್ಲಾ ಅಂತ ಅತ್ತೆ ವಿಚಾರಿಸಿದಳು. ವಕೀಲರು ತಪ್ಪಾಯ್ತು ಅಂದು ಮುಂದಿನ ಪುಟ ತಿರುಗಿಸಿದರು.

ವಕೀಲರ ನೋಟೀಸು ಹೋಗಿ ಒಂದು ವಾರಕ್ಕೆ ಮಳವಳ್ಳಿ ಡಾಕ್ಟರೇ ಮನೆಗೆ ಬಂದರು. ಮೂವತ್ತೂ ಆಗಿರದ ಹುಡುಗ. ರಾಜಿ ಆಗೋಣ ಅಂತ ಒಂದು ಕವರು ಮುಂದೆ ಹಿಡಿದರು. ಅತ್ತೆ ಅದನ್ನು ಮುಟ್ಟಲಿಲ್ಲ. ನಮ್ಮ ಕಡೆ ತಪ್ಪು ಮಾಡಿದವರು ದೇವರ ಮುಂದೆ ಎಲೆ ಅಡಿಕೆ, ಒಂದು ರೂಪಾಯಿ ಇಟ್ಟು ಒಪ್ಪಿಕೊಳ್ಳುತ್ತಾರೆ. ತಪ್ಪುಗಾಣಿಕೆ ಅಂತೀವಿ. ಅದನ್ನು ಸಾವ್ಕಾರನ ಮುಂದೆ ಇಟ್ಟು ತಪ್ಪು ನಂದೇ ಅಂತ ಬಾಯಿ ಬಿಟ್ಟು ಹೇಳಬೇಕು, ಕೇಸು ಅಲ್ಲಿಗೆ ಮುಗೀತು ಅಂತ ಅತ್ತೆ ಅಂದಳು. ನಾನು ಡಾಕ್ಟರ ಮುಖ ನೋಡಲಾಗದೆ ಬೇಲಿ ನೋಡಿದೆ. ಓದಿದ ಮನುಷ್ಯ ನಾಯಿಗೆ ಕಾಣಿಕೆ ಇಡ್ತಾನಾ?

ಭಾನುವಾರ ಡಾಕ್ಟರು ಮತ್ತೆ ಬಂದೇಬಿಟ್ಟರು! ಪ್ಯಾಂಟಿನ ಜೇಬಲ್ಲಿ ಎಲೆ ಅಡಿಕೆ ಪೊಟ್ಟಣ. ಜಗಲಿ ಮೇಲೆ ಮಲಗಿದ್ದ ಸಾವ್ಕಾರನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ಇಟ್ಟರು, ಅಡಿಕೆ ಇಟ್ಟರು, ರೂಪಾಯಿ ಇಟ್ಟರು. ಸಾವ್ಕಾರ ಮೂಸಿ ನೋಡಿ, ತಿನ್ನುವ ಪದಾರ್ಥವಲ್ಲ ಅಂತ ಮೂತಿ ತಿರುಗಿಸಿದ.

“ನಾಯಿ ಅಲ್ಲಾಡಲಿಲ್ಲಮ್ಮ. ಅವಸರದಲ್ಲಿ ಜಾಗ ತಪ್ಪಿ ಹಾಕಿದ್ದು ನಾನು” ಅಂದರು.

ನಾನು ಅತ್ತೆಯ ಮುಖ ನೋಡಿದೆ. ಗೆದ್ದಾಗ ಅವಳ ಮುಖ ಹೇಗಿರುತ್ತೆ ಅಂತ ಚಿಕ್ಕಂದಿನಿಂದ ನೋಡಿದ್ದೀನಿ. ಅವತ್ತು ಹಾಗಿರಲಿಲ್ಲ. ಎದ್ದು ಒಳಗೆ ಹೋದಳು. ಕಾಫಿ ಇಡೋಕಿರಬೇಕು ಅಂದುಕೊಂಡೆ. ಬಂದಾಗ ಅವಳ ಕೈಯಲ್ಲೂ ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ರೂಪಾಯಿ ಇತ್ತು.

ಮಂಡಿನೋವಿನಿಂದ ದೇವಸ್ಥಾನದಲ್ಲೂ ಕುರ್ಚಿ ಕೇಳುವವಳು ಗೋಡೆ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತಳು. ಡಾಕ್ಟರ ಎಲೆಯ ಪಕ್ಕದಲ್ಲಿ ತನ್ನದನ್ನೂ ಇಟ್ಟಳು.

“ತಪ್ಪಾಯ್ತು ಕಣೋ ಸಾವ್ಕಾರ. ನೀನು ಎದ್ದು ಓಡಾಕೆ ನೋಡ್ದೆ. ನಾನೇ ಅದುಮಿ ಇಡ್ಕಂಡೆ. ಅಲ್ಲಾಡಾಕೂ ಬುಡ್ನಿಲ್ಲ.”

ಸಾವ್ಕಾರ ಎದ್ದ. ಕಾಲೆಳೆದುಕೊಂಡು ಬಂದು, ಎರಡು ಕಾಣಿಕೆಯನ್ನೂ ತುಳಿದುಕೊಂಡು, ಅವಳ ತೊಡೆಯ ಮೇಲೆ ತಲೆ ಇಟ್ಟ. ನಿನ್ನ ಎಬ್ಬಿಸ್ಲಾ ಅತ್ತೆ ಅಂದೆ. ಇರ್ಲಿ ಬುಡು ಅಂದಳು. ಡಾಕ್ಟರೂ ನಾನೂ ಬೇಲಿ ನೋಡುತ್ತಾ ಕೂತೆವು.