ಪಡಸಾಲೆಗೆ ಬಂದ ಆಂಟಿಕ್ಕು

"ಇನ್ನ ಮ್ಯಾಲೆ ನಮ್ಮ ಪಡಸಾಲ್ಯಾಗ ಗಾಜಿನ ಟೀಪಾಯಿ ಇದ್ರ ನನ್ನ ಹೆಸರು ಸಂಗನಬಸವ ಅಲ್ಲ!"

ರೋಣದ ಪೇಟೆಯಲ್ಲಿ ಕಡಲೆ, ಹತ್ತಿಯ ಅಡತಿ ಅಂಗಡಿ ನಡೆಸುವ ಸಂಗನಬಸವ ಹೀಗೆ ಗರ್ಜಿಸಿದಾಗ ಅವನ ಹೆಂಡತಿ ಶ್ವೇತಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿತ ನಿಲ್ಲಲಿಲ್ಲ.

"ಮತ್ತೇನ ಹೆಸರು ಇಟ್ಕೋತೀರಿ?" ಎಂದಳು.

ಈ ರೋಷಕ್ಕೆಲ್ಲ ಮೂಲ ಶ್ವೇತಾಳ ಅಕ್ಕ ಶಾಂಭವಿ. ಹುಬ್ಬಳ್ಳಿಯಾಕೆ. ಹೋದ ಸಲ ಬಂದವಳು ಇವರ ಪಡಸಾಲೆಯ ಉದ್ದ ಸೋಫಾ, ಬಿಳಿ ಟ್ಯೂಬ್‌ಲೈಟು, ಗಾಜಿನ ಟೀಪಾಯಿ, ಅದರ ಮೇಲಿನ ಹಳೇ ವಾರಪತ್ರಿಕೆ ಎಲ್ಲವನ್ನೂ ಒಮ್ಮೆ ನೋಡಿ, "ಚಲೋ ಐತವಾ ಶ್ವೇತಾ. ಡಾಕ್ಟರ್ ಎಷ್ಟೊತ್ತಿಗೆ ಬರ್ತಾರ?" ಎಂದು ಕೇಳಿದ್ದಳು! ಅಂದಿನಿಂದ ಸಂಗನಬಸವನಿಗೆ ತನ್ನ ಪಡಸಾಲೆಯಲ್ಲಿ ಕುಳಿತರೆ ಯಾರೋ ಬಂದು ಚೀಟಿ ಕೊಟ್ಟು "ಬಿಪಿ ಐತೇನ್ರಿ?" ಎಂದು ಕೇಳಿದಂತಾಗುತ್ತಿತ್ತು. ಈಗ ಅದೇ ಶಾಂಭವಿ ಗಂಡನ ಸಮೇತ ಬರುವ ರವಿವಾರ ಊಟಕ್ಕೆ ಬರುವವಳಿದ್ದಳು. ಸಂಗನಬಸವ ಮೊಬೈಲಿನಲ್ಲಿ ವಿಡಿಯೊ ನೋಡೀ ನೋಡಿ ಆಂಟಿಕ್ ಸೆಂಟರ್ ಟೇಬಲ್ ಶಾಸ್ತ್ರದಲ್ಲಿ ಪಾರಂಗತನಾಗಿದ್ದ.

"ಅಕ್ಕಾರ ಬಾಯಿಂದ ‘ವಾಹ್’ ಅನಸ್ತೀನಿ ನೋಡಕೋಂತ ಇರು. ಅನಸಲಿಲ್ಲಂದ್ರ ಪಡಸಾಲಿ ನಿಂದು. ಒಂದು ಮೊಳಿ ಹೊಡ್ಯಾಕೂ ನಿನ್ನ ಕೇಳತೀನಿ."

"ಅನಸಿದ್ರ?"

"ಪಡಸಾಲಿ ನಂದು! ನೀ ತುಟಿಪಿಟಕ್ ಅನಬಾರದು."

"ಆತ್ರೀ," ಎಂದಳು ಶ್ವೇತಾ. ಹೆಂಡತಿ ಇಷ್ಟು ಸಲೀಸಾಗಿ ಒಪ್ಪಿದರೆ ಯಾವ ಗಂಡನಾದರೂ ಹೆದರಬೇಕು. ಇವನು ಹೆದರಲಿಲ್ಲ.

ದಿಗ್ವಿಜಯ ಗಜೇಂದ್ರಗಡದಿಂದ ಶುರುವಾಯಿತು. ಹಳೇ ಕಟ್ಟಿಗೆ ಸಾಮಾನು ಮಾರುವ ಅಬ್ದುಲಗನಿ ಒಂದು ಬಾಗಿಲಿಗೆ ನಾಲ್ಕು ಕಾಲು ಜೋಡಿಸಿ ನಿಲ್ಲಿಸಿದ್ದ. "ದೇಸಾಯರ ವಾಡೇದ ಬಾಗಲಾರೀ ಸಾವಕಾರ್ರ! ಹುಳಾ ತಿಂದದ್ದು ನೋಡ್ರಿ, ಅಸಲೀ ಆಂಟಿಕ್!" ಸಂಗನಬಸವ ಬಗ್ಗಿ ನೋಡಿದ. ತೂತುಗಳೆಲ್ಲ ಒಂದೇ ಅಳತೆ, ಒಂದೇ ಸಾಲು!

"ಇದನ್ನ ಹುಳಾ ತಿಂದಿಲ್ಲೋ ಗನಿ, ಡ್ರಿಲ್ ಮಶೀನ್ ತಿಂದೈತಿ!" ಎಂದು ಎದೆಯುಬ್ಬಿಸಿ ಹೊರಬಂದ. ನರಗುಂದದಲ್ಲಿ ಕಂಡ ಚಕ್ಕಡಿ ಗಾಲಿಯ ಟೇಬಲ್ಲು ಬಾಗಿಲಲ್ಲಿ ಹಿಡಿಸುವಂತಿರಲಿಲ್ಲ. ನರೇಗಲ್ಲಿನಲ್ಲಿ ಸಿಕ್ಕಿದ್ದಕ್ಕೆ ಮೂರೇ ಕಾಲು.

ಕೊನೆಗೆ ಅದೃಷ್ಟ ತಾನಾಗಿಯೇ ಅಂಗಡಿಗೆ ಬಂತು. ಕಡಲೆ ಚೀಲ ತಂದಿದ್ದ ಮುಶಿಗೇರಿಯ ಅಜ್ಜಪ್ಪ ಇವನ ಗೋಳು ಕೇಳಿ, "ನಮ್ಮ ಅಟ್ಟದಾಗ ಒಂದು ಮಣಿ ಐತ್ರಿ. ನಮ್ಮ ಮುತ್ಯಾನ ಕಾಲದ್ದು," ಎಂದ. ಸಂಗನಬಸವ ಆಗಲೇ ಗಾಡಿ ಹತ್ತಿದ.

ಎಂಥಾ ಮಣೆ! ಇಬ್ಬರು ಆರಾಮಾಗಿ ಕೂರುವಷ್ಟು ಅಗಲ. ಸಾಗವಾನಿ. ಗಿಡ್ಡ ಕಾಲುಗಳಿಗೆ ಹಿತ್ತಾಳೆಯ ಬಳೆ, ಅಂಚಿನಲ್ಲಿ ಬಳ್ಳಿಯ ಕೆತ್ತನೆ. ಮೇಲ್ಮೈ ತುಂಬ ಹೊಂಬಣ್ಣದ ಮೆರುಗು. ಇಂಥ ಹಳೇತನದ ಮೆರುಗಿಗೆ ವಿಡಿಯೊದ ಹೆಂಗಸು ‘ಪಟಿನಾ’ ಎಂದಿದ್ದಳು. ಸಂಗನಬಸವ ಜೇಬಿಗೆ ಕೈ ಹಾಕಿದ.

"ಎಷ್ಟು ಹೇಳು ಅಜ್ಜಪ್ಪ."

"ರೊಕ್ಕ ಬ್ಯಾಡ್ರಿ. ಇದನ್ನ ಮಾರಂಗಿಲ್ಲ. ಯಾರರ ತಾವಾಗೇ ಬಾಯಿಬಿಟ್ಟು ಬೇಡಿದ್ರ ಕೊಡೂದು. ಆದ್ರ ಸಾವಕಾರ್ರ, ಮಂದಿ ಬಂದ್ರ ಇಲ್ಲ ಅನಬಾರದು ನೋಡ್ರಿ."

"ಇಲ್ಲ ಅಂತೀನೇನ? ಊರಿಗೆ ಊರ ಬರ್ಲಿ!" ಎನ್ನುತ್ತ ಸಂಗನಬಸವ ಮಣೆಯ ಫೋಟೊ ತೆಗೆಯುವುದರಲ್ಲಿ ಮುಳುಗಿದ್ದ.

"ಬಂದವರಿಗೆ ಬಾಯಿ ಸಿಹಿ ಮಾಡಬೇಕ್ರಿ."

"ಮಾಡೋಣ, ಮಾಡೋಣ. ಸ್ವಲ್ಪ ಬೆಳಕಿಗೆ ಅಡ್ಡ ಬರಬ್ಯಾಡ."

ಅಜ್ಜಪ್ಪ ಕೈ ಮುಗಿದ. ಅವನ ಹೆಂಡತಿ ಚನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಪ, ಹಿರಿಯರ ವಸ್ತುವನ್ನು ಅಗಲುವ ಸಂಕಟ ಎಂದುಕೊಂಡು ಸಂಗನಬಸವನೂ ಕೈ ಮುಗಿದ. ಗಾಡಿ ಓಣಿ ದಾಟುವಾಗ ಆ ಮನೆಯೊಳಗಿಂದ ಗಂಡಹೆಂಡಿರು ಬಿದ್ದು ಬಿದ್ದು ನಗುವ ಸದ್ದು ಕೇಳಿತು. ಇವನಿಗೆ ಅದೂ ವಿಚಿತ್ರ ಅನ್ನಿಸಲಿಲ್ಲ.

ಟೀಪಾಯಿ ಅಟ್ಟ ಸೇರಿತು. ಮಣೆ ಪಡಸಾಲೆಯ ನಡುವೆ ಹೊಸ ಗಾಲಿಚೆಯ ಮೇಲೆ ಪಟ್ಟಕ್ಕೆ ಬಂತು. ಅಲಂಕಾರವೂ ಶಾಸ್ತ್ರೋಕ್ತವೇ! ಒಂದು ಮೂಲೆಗೆ ತಾಮ್ರದ ತಂಬಿಗೆ, ಅದರಲ್ಲಿ ಜೋಳದ ತೆನೆ. ಇನ್ನೊಂದು ಮೂಲೆಗೆ ಯಾರೂ ಓದದ ದಪ್ಪ ಇಂಗ್ಲಿಷ್ ಪುಸ್ತಕಗಳು. ನಡುವೆ ಲಾಟೀನು.

"ಚಹಾ ಎಲ್ಲಿಡೂದ್ರೀ?" ಶ್ವೇತಾ ಕೇಳಿದಳು.

"ಆಂಟಿಕ್ ಮ್ಯಾಲೆ ಯಾರರ ಚಹಾ ಇಡ್ತಾರೇನ? ಕೈಯಾಗ ಹಿಡ್ಕೊಂಡು ಕುಡೀತಾರ!"

ಅವಳು ಬಗ್ಗಿ ಮಣೆಯನ್ನು ಉಗುರಿನಿಂದ ಕೆರೆದು ಮೂಸಿದಳು. "ಏನ್ರೀ, ಅರಿಷಿಣದ ವಾಸನಿ ಬರತೈತಿ."

"ಅದು ಪಟಿನಾ! ನಿನಗೇನ್ ತಿಳೀತೈತಿ?"

ರವಿವಾರ ಬಂತು. ಶಾಂಭವಿಯೂ ಬಂದಳು. ಸೋಫಾದಲ್ಲಿ ಗಂಡನ ಪಕ್ಕ ಕುಳಿತು ಮಣೆಯನ್ನು ನೋಡಿದಳು, ತೆನೆ ನೋಡಿದಳು, ಲಾಟೀನು ನೋಡಿದಳು. ಸಂಗನಬಸವ ಉಸಿರು ಬಿಗಿಹಿಡಿದ. ಅವಳ ತುಟಿ ಅಲುಗಿತು. ಬಂತು, ಬಂತು, ವಾಹ್ ಬಂತು ಅನ್ನುವಷ್ಟರಲ್ಲಿ ಬಾಗಿಲಲ್ಲಿ ಹಲಗೆ ವಾದ್ಯ ಮೊಳಗಿತು!

ಡಣ್ ಡಣಾಡಣ್! ಮನೆ ಮುಂದೆ ಟೆಂಪೊ ನಿಂತಿತ್ತು. ಅದರೊಳಗಿಂದ ಹೆಂಗಸರು ಇಳಿದರು, ಇಳಿದರು, ಇಳಿಯುತ್ತಲೇ ಇದ್ದರು. ಮುಂದೆ ಆರತಿ ತಟ್ಟೆ ಹಿಡಿದ ಮುಶಿಗೇರಿಯ ಶಂಕ್ರವ್ವ. ಅವಳ ಹಿಂದೆ ಮದುಮಗನಾದ ಅವಳ ಮಗ ದುರಗೇಶ. ನೆತ್ತಿಯಿಂದ ಹಿಮ್ಮಡಿವರೆಗೂ ಅರಿಷಿಣ!

"ನೀವು ಮನಿ ತಪ್ಪಿ ಬಂದೀರಿ," ಎಂದ ಸಂಗನಬಸವ.

"ಮಣಿ ಇಲ್ಲೇ ಐತಿ ಅಂತ ಅಜ್ಜಪ್ಪ ಹೇಳಿದ್ರಿ," ಎಂದಳು ಶಂಕ್ರವ್ವ. " ಅಗೋ, ಐತಲ್ಲ! ನಮ್ಮೂರ ಸುರಗಿ ಮಣಿ! ಮದುಮಕ್ಕಳಿಗೆ ಇದರ ಮ್ಯಾಲೇ ಅರಿಷಿಣ ಹಚ್ಚಿ ನೀರು ಹಾಕೂದು. ನಮ್ಮತ್ತಿ ಇದರ ಮ್ಯಾಲೆ ಕುಂತಾಳ, ನಾ ಕುಂತೀನಿ, ಇನ್ನ ಇವ ಕುಂದ್ರತಾನ."

"ಕುಂದ್ರೂದಾ? ಅದು ಆಂಟಿಕ್ ಐತಿ ಯವ್ವಾ! ಬೇಕಂದ್ರ ಊರಿಗೆ ಒಯ್ರಿ, ಅಲ್ಲೇ ಕುಂದರಸ್ರಿ!"

"ಅಯ್ಯ, ಲಗ್ನಕ್ಕಂತ ಅದನ್ನ ಇದ್ದ ಮನಿ ಬಿಟ್ಟು ಒಯ್ಯಬಾರದ್ರಿ! ಮಣಿ ಎಲ್ಲಿರತೈತಿ ಮದುಮಗ ಅಲ್ಲಿಗೇ ಬರಬೇಕು. ಅಜ್ಜಪ್ಪನ ಮನ್ಯಾಗ ಹಿಂಗ ಮಂದಿ ತುಂಬಿ ತುಂಬಿ ಪಾಪ ಚನ್ನವ್ವ ಬ್ಯಾಸತ್ತಿದ್ದಳು. ನೀವು ಬೇಡಿ ಒಯ್ದೀರಂತ, ಪುಣ್ಯಾತ್ಮರು!"

ಪುಣ್ಯಾತ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದ. ಎಲ್ಲರ ಎದುರು ಅರಿಷಿಣ ಮೆತ್ತಿಕೊಂಡು ನಾಚಿ ನಿಂತ ಹುಡುಗನಿಗೆ ಹೊರಗೆ ಹೋಗು ಅನ್ನುವುದಾದರೂ ಹೇಗೆ?

ಮುಂದಿನದು ಕ್ಷಣದಲ್ಲಿ ಆಗಿಹೋಯಿತು. ಶಂಕ್ರವ್ವ ಪುಸ್ತಕಗಳನ್ನೆತ್ತಿ, "ಇವನ್ನೊಂದೀಟು ಹಿಡ್ಕೋರಿ ಅಣ್ಣಾರ," ಎಂದು ಶಾಂಭವಿಯ ಗಂಡನ ಕೈಗಿತ್ತಳು. ಆತ ಕೊನೆಯವರೆಗೂ ಅವನ್ನು ಎದೆಗವಚಿಕೊಂಡೇ ನಿಂತಿದ್ದ. ತೆನೆ, ಲಾಟೀನು ಕಿಟಕಿ ಸೇರಿದವು, ತಂಬಿಗೆಗೆ ನೀರು ಬಿತ್ತು. ಮಣೆಯ ನಾಲ್ಕು ಮೂಲೆಗೆ ನಾಲ್ಕು ಚೊಂಬಿಟ್ಟು ದಾರ ಸುತ್ತಿದರು. ದುರಗೇಶ ಪಟಿನಾದ ಮೇಲೆ ವಿರಾಜಮಾನನಾದ. ಸೋಬಾನೆ ಪದ ಎದ್ದಿತು. ಎಣ್ಣೆ, ಅರಿಷಿಣ, ನೀರು! ಹೊಸ ಗಾಲಿಚೆ ಕೆಸರುಗದ್ದೆಯಾಯಿತು.

ಸಂಗನಬಸವನಿಗೆ ಅಳು ಬಂತು. ಗಾಲಿಚೆ ಹೋದರೆ ಹೋಗಲಿ, ಆ ವಾಹ್ ಹೋಯಿತಲ್ಲ! ಮೆಲ್ಲಗೆ ಶಾಂಭವಿಯ ಕಡೆ ತಿರುಗಿದ. ಅವಳು ಅಲ್ಲಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಂಗಸರ ನಡುವೆ ನಿಂತು, ಮದುಮಗನ ನೆತ್ತಿಗೆ ನೀರು ಸುರಿಯುತ್ತ ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡುತ್ತಿದ್ದಳು! ಕೈಯಲ್ಲಿ ಉಳಿದ ಅರಿಷಿಣವನ್ನು ತಂಗಿಯ ಎರಡೂ ಗಲ್ಲಕ್ಕೆ ಬಳಿದಳು. ಅಕ್ಕತಂಗಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಸಂಗನಬಸವನ ಗಲ್ಲವೂ ಹಳದಿಯಾಯಿತು. ಅವನೂ ನಕ್ಕ.

"ವಾಹ್!" ಎಂದಳು ಶಾಂಭವಿ. "ವಾಹ್ ವಾಹ್ ಸಂಗನಬಸವ್ರ! ಹುಬ್ಬಳ್ಳ್ಯಾಗ ಯಾರ ಪಡಸಾಲಿನೂ ಹಿಂಗ ಕಳಾ ಕಟ್ಟಿದ್ದು ನಾ ನೋಡಿಲ್ಲ!"

ಸಕ್ಕರೆ ಹಂಚಿದ್ದಾಯಿತು. ಅಕ್ಕ-ಭಾವನಿಗೆಂದು ಮಾಡಿದ್ದ ಹೋಳಿಗೆಯೂ ಖಾಲಿಯಾಯಿತು. ಶಂಕ್ರವ್ವ ಟೆಂಪೊ ಹತ್ತುತ್ತ, "ಗುರುವಾರ ಮತ್ತ ಬರ್ತೀವ್ರಿ, ನಮ್ಮ ಭಾವನ ಮಗಳದು ಐತಿ. ಈ ಸಲ ಲಗ್ನ ಭಾಳ ಅದಾವ್ರಿ!" ಎಂದು ಕೂಗಿದಳು. ಹಿಂದೆಯೇ ಅಕ್ಕನ ಕಾರೂ ಹೊರಟಿತು.

ಸಂಗನಬಸವ ಕೆಸರಿನ ನಡುವೆ ನಿಂತು ಮೀಸೆ ತಿರುವಿದ. "ಕೇಳಿದ್ಯಾ? ಒಂದಲ್ಲ, ಮೂರು ವಾಹ್! ಯಾರು ಗೆದ್ರು?"

"ನೀವ ಗೆದ್ರೀ," ಎಂದಳು ಶ್ವೇತಾ. ಒಳಗೆ ಹೋಗಿ ಬಕೀಟು, ಕಸಬರಿಗೆ, ಅರಿವೆ ತಂದು ಅವನ ಮುಂದಿಟ್ಟಳು. "ಇವತ್ತಿನಿಂದ ಪಡಸಾಲಿ ಪೂರಾ ನಿಮ್ಮದ. ನಾ ತುಟಿಪಿಟಕ್ ಅನ್ನಂಗಿಲ್ಲ. ಗುರುವಾರದೊಳಗ ಒಣಗಬೇಕು, ಲಗೂ ಲಗೂ ಒರಸ್ರಿ!"